ಕುಸುಮರೋಗ: ಔಷಧದ ಲೆಕ್ಕವೂ ಶುಶ್ರೂಷೆಯ ಲೆಕ್ಕವೂ

ಭೌತವಿಜ್ಞಾನವನ್ನು ಬೋಧಿಸುವ ನಾವು ರೋಗವೊಂದರ ವಿಷಯವಾಗಿ ಲೇಖನಿಯನ್ನು ಹಿಡಿದುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಯಾವ ರೋಗಿಗೆ ಯಾವ ಮದ್ದು ಎಂದು ಹೇಳುವ ಅಧಿಕಾರ ನಮಗಿಲ್ಲ, ಅದು ವೈದ್ಯರದು. ಆದರೆ ನಾವು ಹೇಳಹೊರಟಿರುವ ರೋಗದ ಚಿಕಿತ್ಸೆಯೆಲ್ಲವೂ ಒಂದು ಸಂಖ್ಯೆಯನ್ನು ಆಶ್ರಯಿಸಿ ನಿಂತಿದೆ. ವಿಕಿರಣಶೀಲ ವಸ್ತುಗಳ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಅರ್ಧಾಯುವೇ ಆ ಸಂಖ್ಯೆ. ತರಗತಿಯಲ್ಲಿ ಅದು ಒಂದು ವಕ್ರರೇಖೆಯಾಗಿ, ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆಯಾಗಿ ಬರುತ್ತದೆ. ಈ ರೋಗವುಳ್ಳ ಮಗುವಿನ ಮನೆಯಲ್ಲಿ ಅದೇ ಸಂಖ್ಯೆ ತಾಯಿಯು ಮುಂಜಾನೆ ಎಷ್ಟು ಗಂಟೆಗೆ ಏಳಬೇಕು, ತಂದೆ ವಾರದಲ್ಲಿ ಎಷ್ಟು ದಿನ ಕೂಲಿಗೆ ಹೋಗಬಹುದು, ಅಜ್ಜಿಯ ಊರಿನ ಜಾತ್ರೆಗೆ ಎಲ್ಲರೂ ಹೊರಡಬಹುದೇ ಬಾರದೇ ಎಂಬುದನ್ನು ನಿಶ್ಚಯಿಸುತ್ತದೆ.

ಹೀಮೋಫಿಲಿಯಾ ಎಂದು ವೈದ್ಯರು ಕರೆಯುವ ಈ ರೋಗಕ್ಕೆ ಕನ್ನಡದಲ್ಲಿ ಕುಸುಮರೋಗವೆಂಬ ಹೆಸರು ರೂಢಿಯಲ್ಲಿದೆ. ಗಾಯವಾದಾಗ ರಕ್ತವು ಹೆಪ್ಪುಗಟ್ಟುವುದು ಒಂದೇ ಹೆಜ್ಜೆಯ ಕ್ರಿಯೆಯಲ್ಲ. ಅದಕ್ಕೆ ಬೇಕಾದ ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತ ಸಾಲಾಗಿ ಕೆಲಸ ಮಾಡುತ್ತವೆ. ವಿಜ್ಞಾನಿಗಳು ಅವುಗಳಿಗೆ ಅಂಕಿಗಳನ್ನು ಕೊಟ್ಟು ಫ್ಯಾಕ್ಟರುಗಳೆಂದು ಕರೆದಿದ್ದಾರೆ. ಎಂಟನೆಯ ಫ್ಯಾಕ್ಟರು ಇಲ್ಲದಿದ್ದರೆ ಅಥವಾ ತೀರ ಕಡಮೆಯಿದ್ದರೆ ಅದು ‘ಎ’ ಬಗೆಯ ಕುಸುಮರೋಗ. ಒಂಬತ್ತನೆಯದು ಕೊರೆಯಾದರೆ ‘ಬಿ’ ಬಗೆ. ಮೊದಲನೆಯದು ಹುಟ್ಟುವ ಸುಮಾರು ೫,೦೦೦ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವುದು. ಎರಡನೆಯದು ಇನ್ನೂ ವಿರಳ. ಆರೋಗ್ಯವಂತರ ರಕ್ತದಲ್ಲಿರುವ ಫ್ಯಾಕ್ಟರಿನ ಪ್ರಮಾಣವನ್ನು ೧೦೦ ಎಂದಿಟ್ಟುಕೊಂಡರೆ, ೧ಕ್ಕಿಂತ ಕಡಮೆಯಿರುವವರು ತೀವ್ರ ರೋಗಿಗಳು. ೧ರಿಂದ ೫ರವರೆಗಿನವರು ಮಧ್ಯಮರು. ಅದಕ್ಕೂ ಮೇಲಿನವರು ಸೌಮ್ಯರು. ಇವರಿಗೆ ಬೆರಳು ಕೊಯ್ದರೆ ರಕ್ತವೆಲ್ಲ ಹರಿದು ಹೋಗಿಬಿಡುವುದೆಂದು ಜನ ತಿಳಿದಿದ್ದಾರೆ. ಹಾಗಲ್ಲ. ರಕ್ತವು ಇತರರಿಗಿಂತ ವೇಗವಾಗಿ ಹರಿಯುವುದಿಲ್ಲ. ಹೆಚ್ಚು ಹೊತ್ತು ಹರಿಯುತ್ತದೆ. ತೀವ್ರ ರೋಗಿಗಳಲ್ಲಿ ನಿಜವಾದ ಹಾನಿ ಹೊರಗೆ ಕಾಣುವ ಗಾಯದಿಂದಲ್ಲ, ಯಾವ ಪೆಟ್ಟೂ ಇಲ್ಲದೆ ಮೊಣಕಾಲು, ಹರಡು, ಮೊಣಕೈಗಳ ಕೀಲಿನೊಳಗೆ ಜಿನುಗುವ ರಕ್ತದಿಂದ. ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ಹೀಗಾದರೆ ಮೃದ್ವಸ್ಥಿ ಸವೆದು, ಹುಡುಗನು ಯೌವನಕ್ಕೆ ಕಾಲಿಡುವ ಹೊತ್ತಿಗೆ ಆ ಕಾಲು ಮಡಿಸಲಾಗದಂತೆ ಬಿಗಿದುಕೊಳ್ಳುತ್ತದೆ.

ರಷ್ಯದ ಕೊನೆಯ ಚಕ್ರವರ್ತಿಯ ಮಗ ಅಲೆಕ್ಸಿಯ ಕಥೆ ಅನೇಕರಿಗೆ ಗೊತ್ತಿರಬಹುದು. ೧೯೦೪ರಲ್ಲಿ ಹುಟ್ಟಿದ ಆ ಬಾಲಕನಿಗಿದ್ದುದು ‘ಬಿ’ ಬಗೆಯ ರೋಗವೆಂದು ಅವನ ಅಸ್ಥಿಗಳ ಪರೀಕ್ಷೆಯಿಂದ ೨೦೦೯ರಲ್ಲಿ ಸಿದ್ಧವಾಯಿತು. ಆ ಕಥೆಯಲ್ಲಿ ಎಲ್ಲರೂ ರಾಸ್ಪುಟಿನನನ್ನು ನೆನೆಯುತ್ತಾರೆ. ನಮ್ಮ ಗಮನವನ್ನು ಸೆಳೆದವರು ಬೇರೆ ಇಬ್ಬರು. ಬಾಲಕನು ಬೀಳದಂತೆ, ತಾಗಿಸಿಕೊಳ್ಳದಂತೆ ಹಗಲೆಲ್ಲ ಅವನ ಹಿಂದೆಯೇ ಇರುವುದಕ್ಕಾಗಿ ನೇಮಕವಾಗಿದ್ದ ಡೆರೆವೆಂಕೊ, ನಗೋರ್ನಿ ಎಂಬ ನಾವಿಕರು ಅವರು. ಔಷಧವಿಲ್ಲದ ಆ ಕಾಲದಲ್ಲಿ ಕಾವಲೇ ಚಿಕಿತ್ಸೆಯಾಗಿದ್ದಿತು. ಅರಮನೆಯು ಅದಕ್ಕೆ ಇಬ್ಬರಿಗೆ ಸಂಬಳ ಕೊಡುತ್ತಿದ್ದಿತು. ನಮ್ಮ ಮನೆಗಳಲ್ಲಿ ಆ ಇಬ್ಬರು ನಾವಿಕರ ಕೆಲಸವನ್ನು ತಾಯಿಯೊಬ್ಬಳೇ ಮಾಡುತ್ತಾಳೆ, ಅಡಿಗೆಯನ್ನೂ ಮಾಡುತ್ತಾಳೆ.

ಇಂದು ಔಷಧಗಳಿವೆ. ಒಂದಲ್ಲ, ಹಲವು ಬಗೆಯವು. ಅವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ತಜ್ಞರು ಮುಂದಿಡುವ ಅಳತೆಗಳು ಮೂರು: ವರ್ಷಕ್ಕೆ ಎಷ್ಟು ಸಲ ರಕ್ತಸ್ರಾವವಾಯಿತು, ರಕ್ತದಲ್ಲಿ ಫ್ಯಾಕ್ಟರಿನ ಮಟ್ಟವೆಷ್ಟು ಉಳಿಯಿತು, ಔಷಧಕ್ಕೆ ಖರ್ಚೆಷ್ಟಾಯಿತು. ಮೂರೂ ಅವಶ್ಯವಾದವೇ. ಆದರೆ ನಾಲ್ಕನೆಯದೊಂದು ಅಳತೆ ಈ ಪಟ್ಟಿಯಲ್ಲಿ ಬರುವುದು ಅಪೂರ್ವ. ಮನೆಯಲ್ಲಿ ಶುಶ್ರೂಷೆ ಮಾಡುವವರ ದಿನದಿಂದ ಆ ಚಿಕಿತ್ಸೆಯು ಎಷ್ಟನ್ನು ಕಡಿದು ತೆಗೆದುಕೊಳ್ಳುತ್ತದೆ ಎಂಬುದು. ಅದನ್ನು ಬಿಟ್ಟು ಮಾಡಿದ ಆಯ್ಕೆ ಅಪೂರ್ಣವೆಂದು ನಾವು ಬರಿಯ ಕನಿಕರದಿಂದ ಹೇಳುತ್ತಿಲ್ಲ. ಲೆಕ್ಕವೇ ಹಾಗೆ ಹೇಳುತ್ತದೆ. ಸ್ವಲ್ಪ ಸಾವಧಾನದಿಂದ ನೋಡೋಣ.

ಎಂಟನೆಯ ಫ್ಯಾಕ್ಟರನ್ನು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೧ ಯೂನಿಟ್‌ನಂತೆ ಅಭಿಧಮನಿಗೆ ಚುಚ್ಚಿದರೆ ರಕ್ತದಲ್ಲಿ ಅದರ ಮಟ್ಟ ನೂರಕ್ಕೆ ೨ರಷ್ಟು ಏರುವುದು. ಕಿಲೋಗ್ರಾಮಿಗೆ ೨೫ ಯೂನಿಟ್ ಕೊಟ್ಟರೆ ಮಟ್ಟವು ೫೦ಕ್ಕೆ ಏರುತ್ತದೆ. ಅಲ್ಲಿಂದ ಅದು ಇಳಿಯತೊಡಗುತ್ತದೆ. ಸಾಮಾನ್ಯ ಫ್ಯಾಕ್ಟರಿನ ಅರ್ಧಾಯುವನ್ನು ೧೨ ಗಂಟೆಯೆಂದು ಹಿಡಿಯೋಣ. ೧೨ ಗಂಟೆಗೆ ೨೫, ೨೪ಕ್ಕೆ ಹನ್ನೆರಡೂವರೆ, ೩೬ಕ್ಕೆ ಆರೂಕಾಲು, ೪೮ಕ್ಕೆ ಮೂರಕ್ಕಿಂತ ತುಸು ಹೆಚ್ಚು, ೬೦ಕ್ಕೆ ಒಂದೂವರೆ, ೭೨ ಗಂಟೆ ಮುಗಿಯುವಾಗ ೧ಕ್ಕೂ ಕೆಳಗೆ. ಆದುದರಿಂದಲೇ ದಿನ ಬಿಟ್ಟು ದಿನ ಸೂಜಿ ಹಾಕಬೇಕೆಂಬ ಪದ್ಧತಿ. ತೀವ್ರ ರೋಗಿಯನ್ನು ಮಧ್ಯಮ ರೋಗಿಯಂತೆ ಮಾಡಿಬಿಡುವುದು, ಎಂದರೆ ಮಟ್ಟವು ೧ಕ್ಕಿಂತ ಕೆಳಗಿಳಿಯದಂತೆ ಕಾಯುವುದು, ಈ ಉಪಾಯದ ಮರ್ಮ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಇಂಗಾ ಮರೀ ನಿಲ್ಸನ್ ಎಂಬ ವೈದ್ಯೆ ೧೯೫೮ರಲ್ಲಿಯೇ ಇದನ್ನು ಆರಂಭಿಸಿದರು. ರಕ್ತಸ್ರಾವವಾದ ಮೇಲೆ ಕೊಡುವುದು ಬೇಡಿಕೆಯ ಚಿಕಿತ್ಸೆ. ಆಗುವುದಕ್ಕೆ ಮೊದಲೇ ಕ್ರಮವಾಗಿ ಕೊಡುತ್ತಿರುವುದು ಮುಂಜಾಗ್ರತೆಯ ಚಿಕಿತ್ಸೆ. ಎರಡರಲ್ಲಿ ಯಾವುದು ಮೇಲೆಂಬುದು ಇಂದು ವಿವಾದದ ವಿಷಯವಲ್ಲ. ಅಮೆರಿಕದಲ್ಲಿ ೬೫ ಪುಟ್ಟ ಬಾಲಕರನ್ನು ಎರಡು ಗುಂಪು ಮಾಡಿ ನಡೆಸಿದ, ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನ ಬಿಟ್ಟು ದಿನ ಔಷಧ ಪಡೆದವರಲ್ಲಿ ನೂರಕ್ಕೆ ೯೩ ಮಂದಿಯ ಕೀಲುಗಳು ಆರನೆಯ ವರ್ಷದಲ್ಲಿ ಸರಿಯಾಗಿದ್ದವು. ರಕ್ತಸ್ರಾವವಾದಾಗ ಮಾತ್ರ ಪಡೆದವರಲ್ಲಿ ನೂರಕ್ಕೆ ೫೫.

ಈಗ ನಮ್ಮ ಮುಖ್ಯವಾದ ಲೆಕ್ಕಕ್ಕೆ ಬರೋಣ. ೨೦ ಕಿಲೋಗ್ರಾಮ್ ತೂಗುವ ಬಾಲಕನೊಬ್ಬನಲ್ಲಿ ಮಟ್ಟವು ೧ಕ್ಕೆ ಕಡಮೆಯಾಗದಂತೆ ಕಾಯಬೇಕಾಗಿದೆ ಎನ್ನೋಣ. ದಿನಕ್ಕೊಮ್ಮೆ ಸೂಜಿ ಹಾಕುವುದಾದರೆ ೨೪ ಗಂಟೆಗಳಲ್ಲಿ ಎರಡು ಅರ್ಧಾಯುಗಳು ಕಳೆದು ನಾಲ್ಕರಲ್ಲೊಂದು ಪಾಲು ಉಳಿಯುವುದು. ಕೊನೆಗೆ ೧ ಉಳಿಯಬೇಕಾದರೆ ಮೊದಲಿಗೆ ೪ ಇರಬೇಕು, ಹಿಂದಿನ ದಿನದ ೧ ಇದ್ದೇ ಇದೆ, ತುಂಬಬೇಕಾದುದು ೩. ದಿನ ಬಿಟ್ಟು ದಿನವಾದರೆ ನಾಲ್ಕು ಅರ್ಧಾಯುಗಳು. ಮೊದಲಿಗೆ ೧೬ ಇರಬೇಕು, ತುಂಬಬೇಕಾದುದು ೧೫. ಮೂರು ದಿನಗಳಿಗೊಮ್ಮೆಯಾದರೆ ಆರು ಅರ್ಧಾಯುಗಳು. ಮೊದಲಿಗೆ ೬೪, ತುಂಬಬೇಕಾದುದು ೬೩. ಇವನ್ನು ಯೂನಿಟ್‌ಗಳಿಗೆ ತಿರುಗಿಸಿದರೆ ಆ ಬಾಲಕನಿಗೆ ಕ್ರಮವಾಗಿ ಒಂದು ಸಲಕ್ಕೆ ೩೦, ೧೫೦, ೬೩೦ ಯೂನಿಟ್‌ಗಳಾಗುತ್ತವೆ. ಆರು ದಿನಗಳ ಒಟ್ಟು ಮೊತ್ತ: ದಿನನಿತ್ಯದ ಕ್ರಮದಲ್ಲಿ ೧೮೦, ದಿನ ಬಿಟ್ಟು ದಿನದ ಕ್ರಮದಲ್ಲಿ ೪೫೦, ಮೂರು ದಿನಕ್ಕೊಮ್ಮೆಯ ಕ್ರಮದಲ್ಲಿ ೧,೨೬೦.

ವಿದ್ಯಾರ್ಥಿಗಳು ಈ ಮೂರು ಅಂಕಿಗಳನ್ನು ಒಂದು ಕ್ಷಣ ದಿಟ್ಟಿಸಿ ನೋಡಬೇಕು. ರಕ್ಷಣೆಯ ಕನಿಷ್ಠ ಮಟ್ಟ ಮೂರರಲ್ಲಿಯೂ ಒಂದೇ. ಆದರೆ ಔಷಧದ ವ್ಯಯದಲ್ಲಿ ಏಳು ಮಡಿ ಅಂತರ. ಔಷಧದ ಬೆಲೆಯೊಂದನ್ನೇ ನೋಡುವ ಗುಮಾಸ್ತನು ಕಣ್ಣು ಮುಚ್ಚಿಕೊಂಡು ದಿನನಿತ್ಯದ ಕ್ರಮವನ್ನು ಆರಿಸುವನು. ಅವನ ಕೂಡಿಕೆ ಕಳೆಯುವಿಕೆಗಳಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಆರು ದಿನಗಳಲ್ಲಿ ಎರಡು ಸಲ ಚುಚ್ಚಬೇಕಾಗಿದ್ದ ತಾಯಿ ಆರು ಸಲ ಚುಚ್ಚಬೇಕಾಗುತ್ತದೆ. ವರ್ಷಕ್ಕೆ ಸುಮಾರು ೧೨೨ ಸಲವಾಗಬೇಕಾದುದು ೩೬೫ ಸಲವಾಗುತ್ತದೆ. ಉಳಿದ ಔಷಧದ ಬೆಲೆಯನ್ನು ತಾಯಿಯ ಮುಂಜಾವುಗಳಿಂದ ವಸೂಲು ಮಾಡಲಾಯಿತು. ರಶೀದಿಯನ್ನು ಮಾತ್ರ ಯಾರೂ ಬರೆಯಲಿಲ್ಲ.

ಇದು ಆದರ್ಶ ಲೆಕ್ಕವೆಂಬುದನ್ನು ಮರೆಯಬಾರದು. ಔಷಧದ ಸೀಸೆಗಳು ೨೫೦, ೫೦೦ ಯೂನಿಟ್‌ಗಳಲ್ಲಿ ಬರುವುದರಿಂದ ೩೦ ಯೂನಿಟ್ ಎಂಬುದು ಕಾಗದದ ಮೇಲಿನ ಮಾತು. ಅರ್ಧಾಯುವೂ ಎಲ್ಲರಲ್ಲಿ ೧೨ ಗಂಟೆಯಿರುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಇನ್ನೂ ಕಡಮೆ, ಎಂದರೆ ಅಭಿಧಮನಿ ಸಿಗುವುದು ಅತ್ಯಂತ ಕಷ್ಟವಾದ ವಯಸ್ಸಿನಲ್ಲಿಯೇ ಸೂಜಿ ಅತ್ಯಂತ ಪದೇಪದೇ ಬೇಕಾಗುವುದು. ೧ ಎಂಬ ಗೆರೆಯೂ ಕೀಲುಗಳ ರಕ್ಷಣೆಗೆ ಸಾಲದೆಂದು ಈಚೆಗೆ ತಜ್ಞರ ಅಭಿಪ್ರಾಯ. ಆದರೂ ಔಷಧವನ್ನು ಉಳಿಸಹೋದರೆ ಸೂಜಿ ಹೆಚ್ಚುತ್ತದೆ, ಸೂಜಿಯನ್ನು ಉಳಿಸಹೋದರೆ ಔಷಧ ಹೆಚ್ಚುತ್ತದೆ ಎಂಬ ಸಂಬಂಧ ಇವುಗಳಿಂದ ಬದಲಾಗುವುದಿಲ್ಲ. ಈ ಬಿಕ್ಕಟ್ಟಿನಿಂದ ಬಿಡಿಸಿಕೊಳ್ಳಲು ಇರುವ ದಾರಿ ಅರ್ಧಾಯುವನ್ನೇ ಹೆಚ್ಚಿಸುವುದು. ಪ್ರಮಾಣವನ್ನು ಇಮ್ಮಡಿ ಮಾಡಿದರೆ ದೊರೆಯುವುದು ಒಂದು ಅರ್ಧಾಯು ಮಾತ್ರ, ಎಂದರೆ ೧೨ ಗಂಟೆಗಳ ಬಿಡುವು. ಅರ್ಧಾಯುವನ್ನು ಇಮ್ಮಡಿ ಮಾಡಿದರೆ ಇಡೀ ಬಿಡುವೇ ಇಮ್ಮಡಿಯಾಗುವುದು.

ಒಂದು ಸೂಜಿಯೆಂದರೆ ಏನೆಂಬುದನ್ನು ನೋಡದವರಿಗೆ ಈ ಅಂಕಿಗಳು ತಟ್ಟಲಾರವು. ಸೀಸೆಯನ್ನು ತಂಪುಪೆಟ್ಟಿಗೆಯಿಂದ ತೆಗೆದು ಕೋಣೆಯ ಉಷ್ಣತೆಗೆ ತರಬೇಕು. ಪುಡಿಯನ್ನು ದ್ರವದೊಡನೆ ಕುಲುಕದೆ ಬೆರೆಸಬೇಕು. ಕೈ ತೊಳೆದು, ಮಗುವಿನ ತೋಳಿನಲ್ಲಿಯೋ ಮುಂಗೈಯಲ್ಲಿಯೋ ನಾಳವನ್ನು ಹುಡುಕಬೇಕು. ಎರಡು ವರ್ಷದ ಮಗು ಸುಮ್ಮನೆ ಕುಳಿತು ತೋಳು ನೀಡುವುದಿಲ್ಲ. ಒಬ್ಬರು ಹಿಡಿದುಕೊಳ್ಳಬೇಕು, ಒಬ್ಬರು ಚುಚ್ಚಬೇಕು. ನಾಳ ತಪ್ಪಿದರೆ ಮತ್ತೊಮ್ಮೆ. ಮುಗಿದ ಮೇಲೆ ಒತ್ತಿ ಹಿಡಿದು, ಪುಸ್ತಕದಲ್ಲಿ ದಿನಾಂಕ ಬರೆದು, ಸೂಜಿಯನ್ನು ಭದ್ರವಾಗಿ ಬಿಸುಡಬೇಕು. ಇದಕ್ಕೆಲ್ಲ ಅರ್ಧ ಗಂಟೆ ಎಂದಿಟ್ಟುಕೊಂಡರೂ ದಿನ ಬಿಟ್ಟು ದಿನದ ಕ್ರಮದಲ್ಲಿ ವರ್ಷಕ್ಕೆ ೯೧ ಗಂಟೆಗಳು. ಗಂಟೆಗಳ ಮಾತಾದರೂ ಹೋಗಲಿ. ತನ್ನನ್ನು ಎತ್ತಿಕೊಳ್ಳುವ ಕೈಯೇ ತನ್ನನ್ನು ಚುಚ್ಚುವ ಕೈಯೂ ಆಗಿರುವುದನ್ನು ಮಗು ನೋಡುತ್ತದೆ. ನೋಡುತ್ತಿದೆಯೆಂಬುದು ತಾಯಿಗೂ ತಿಳಿದಿದೆ. ಈ ಭಾರಕ್ಕೆ ಭೌತವಿಜ್ಞಾನದಲ್ಲಿ ಏಕಮಾನವಿಲ್ಲ. ಶುಶ್ರೂಷಕರ ಹೊರೆಯನ್ನು ಅಳೆಯಲೆಂದೇ ವೈದ್ಯಸಂಶೋಧಕರು ಈಚೆಗೆ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿರುವುದು ಸಂತೋಷದ ಸಂಗತಿ.

ಹಾಗಾದರೆ ಸೂಜಿಗಳೇ ಬೇಡ, ರಕ್ತಸ್ರಾವವಾದಾಗ ಮಾತ್ರ ಔಷಧ ಕೊಟ್ಟರೆ ಮನೆಯವರಿಗೆ ಹಗುರವಲ್ಲವೆ ಎಂದು ಕೇಳಬಹುದು. ಮೇಲುನೋಟಕ್ಕೆ ಹಾಗೆಯೇ ಕಾಣುತ್ತದೆ. ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದುದೂ ಹೀಗೆಯೇ. ಆದರೆ ಬೇಡಿಕೆಯ ಚಿಕಿತ್ಸೆಯಲ್ಲಿ ಸೂಜಿ ಕಡಮೆಯಾದಷ್ಟೂ ಕಾವಲು ಹೆಚ್ಚುತ್ತದೆ. ಮಗು ಕುಂಟಿತೇ, ಮೊಣಕಾಲು ಬಿಸಿಯಾಗಿದೆಯೇ, ರಾತ್ರಿ ಏಕೆ ನರಳಿತು ಎಂದು ಕ್ಷಣಕ್ಷಣಕ್ಕೂ ನೋಡುತ್ತಿರಬೇಕು. ಕೀಲು ಊದಿದರೆ ಮಂಜುಗಡ್ಡೆ, ನಿದ್ದೆಯಿಲ್ಲದ ರಾತ್ರಿ, ಬೆಳಗಿನ ಮೊದಲ ಬಸ್ಸು, ಜಿಲ್ಲಾಸ್ಪತ್ರೆಯ ಸಾಲು. ತಾಯಿಯೋ ತಂದೆಯೋ ಮಗುವಿನೊಡನೆ ಮೂರು ನಾಲ್ಕು ದಿನ ಅಲ್ಲಿಯೇ ಉಳಿದರೆ ಅಷ್ಟು ದಿನದ ಕೂಲಿ ಹೋಯಿತು. ಮನೆಯಲ್ಲಿ ಉಳಿದ ಮಕ್ಕಳನ್ನು ನೆರೆಯವರು ನೋಡಿಕೊಂಡರು. ಆಸ್ಪತ್ರೆಯ ಪುಸ್ತಕದಲ್ಲಿ ಇಷ್ಟು ಯೂನಿಟ್ ಖರ್ಚು ಎಂದು ಮಾತ್ರ ಬರೆಯಲಾಗುತ್ತದೆ. ಇಪ್ಪತ್ತನೆಯ ವಯಸ್ಸಿಗೆ ಆ ಹುಡುಗನ ಮೊಣಕಾಲು ಬಿಗಿದುಹೋದರೆ ಅವನ ತಾಯಿಯ ಶುಶ್ರೂಷೆ ಮುಗಿಯುವ ಬದಲು ಇನ್ನೊಂದು ರೂಪದಲ್ಲಿ ಆರಂಭವಾಗುತ್ತದೆ. ಅದಕ್ಕೆ ಯಾವ ಪುಸ್ತಕದಲ್ಲಿಯೂ ಕಲಮು ಇಲ್ಲ. ಬೇಡಿಕೆಯ ಚಿಕಿತ್ಸೆ ಅಗ್ಗವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಅದರ ಬೆಲೆಯನ್ನು ಸರ್ಕಾರದ ಬದಲು ಮನೆಯವರು ತೆರುತ್ತಾರೆ, ಅಷ್ಟೆ.

ಬಡದೇಶಗಳಿಗೆ ಪೂರ್ಣ ಪ್ರಮಾಣದ ಮುಂಜಾಗ್ರತೆ ಎಟುಕದೆಂಬುದಕ್ಕೂ ಅರ್ಧಾಯುವೇ ಒಂದು ಸಮಾಧಾನವನ್ನು ಕೊಡುತ್ತದೆ. ಕಿಲೋಗ್ರಾಮಿಗೆ ೨೫ ಯೂನಿಟ್ ಕೊಟ್ಟಾಗ ಮಟ್ಟವು ೫೦ರಿಂದ ೧ಕ್ಕೆ ಇಳಿಯಲು ಸುಮಾರು ೬೮ ಗಂಟೆ ಹಿಡಿಯುವುದು. ೧೦ ಯೂನಿಟ್ ಮಾತ್ರ ಕೊಟ್ಟಾಗ ೨೦ರಿಂದ ೧ಕ್ಕೆ ಇಳಿಯಲು ಸುಮಾರು ೫೨ ಗಂಟೆ. ಔಷಧವನ್ನು ಐದರಲ್ಲಿ ಎರಡು ಪಾಲಿಗೆ ಇಳಿಸಿದರೂ ಕಾವಲಿನ ಕಾಲ ಮುಕ್ಕಾಲು ಪಾಲು ಉಳಿಯಿತು! ಕಡಮೆ ಪ್ರಮಾಣದ ಮುಂಜಾಗ್ರತೆಯೂ ಬೇಡಿಕೆಯ ಚಿಕಿತ್ಸೆಗಿಂತ ಮೇಲೆಂದು ವೈದ್ಯರು ಅನುಭವದಿಂದ ಕಂಡಿರುವುದಕ್ಕೆ ಇದು ಒಂದು ಕಾರಣವಿರಬೇಕು. ವಿಶ್ವ ಹೀಮೋಫಿಲಿಯಾ ಒಕ್ಕೂಟವು ೨೦೨೦ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಮುಂಜಾಗ್ರತೆಯ ಪಕ್ಷದಲ್ಲಿಯೇ ಇದೆ. ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಫ್ಯಾಕ್ಟರನ್ನು ಕೊಡುವ ರಾಜ್ಯಗಳು ಮೊದಲು ಚಿಕ್ಕ ಮಕ್ಕಳಿಗೆ, ಕಡಮೆ ಪ್ರಮಾಣದಲ್ಲಾದರೂ ಸರಿಯೆ, ಕ್ರಮವಾಗಿ ಕೊಡಬೇಕೆಂದು ನಮ್ಮ ಅಭಿಪ್ರಾಯ. ಕೊಡುವ ಸ್ಥಳವೂ ಮನೆಗೆ ಹತ್ತಿರವಿರಬೇಕು. ವಾರಕ್ಕೆ ಎರಡು ಸೂಜಿಗೆ ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಕಳೆಯಬೇಕಾದರೆ ಆ ಉಚಿತ ಔಷಧಕ್ಕೆ ತಾಯಿ ತೆರುವ ಬೆಲೆ ಕಡಮೆಯದಲ್ಲ.

ಈಗ ಬಂದಿರುವ ಹೊಸ ಔಷಧವೊಂದು ಈ ಲೆಕ್ಕವನ್ನೆಲ್ಲ ಬದಲಿಸಿದೆ. ಎಮಿಸಿಜುಮ್ಯಾಬ್ ಎಂದು ಅದರ ಹೆಸರು. ಅದು ಫ್ಯಾಕ್ಟರಲ್ಲ, ಎಂಟನೆಯ ಫ್ಯಾಕ್ಟರು ಮಾಡಬೇಕಾದ ದಳ್ಳಾಳಿಯ ಕೆಲಸವನ್ನು, ಎಂದರೆ ಒಂಬತ್ತನೆಯದನ್ನೂ ಹತ್ತನೆಯದನ್ನೂ ಹತ್ತಿರ ತರುವ ಕೆಲಸವನ್ನು ಮಾಡುವ ಪ್ರತಿಕಾಯ. ೨೦೧೭ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮೊದಲು ಅನುಮತಿ ದೊರೆಯಿತು. ಅದರ ಅರ್ಧಾಯು ಸುಮಾರು ನಾಲ್ಕು ವಾರ. ಆರಂಭದ ತಿಂಗಳು ವಾರಕ್ಕೊಮ್ಮೆ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಚುಚ್ಚಿದರೆ ಸಾಕು. ವರ್ಷಕ್ಕೆ ೧೮೨ ಇದ್ದುದು ೧೩ಕ್ಕೆ ಇಳಿಯಬಹುದು. ಅದಕ್ಕಿಂತಲೂ ದೊಡ್ಡ ಮಾತೆಂದರೆ ಅದನ್ನು ಅಭಿಧಮನಿಗೆ ಹಾಕಬೇಕಾಗಿಲ್ಲ, ಚರ್ಮದ ಕೆಳಗೆ ಹಾಕಿದರಾಯಿತು. ನಾಳವನ್ನು ಹುಡುಕುವ ಹೋರಾಟವೇ ಇಲ್ಲ. ಫ್ಯಾಕ್ಟರನ್ನು ಪರಕೀಯವೆಂದು ತಿಳಿದು ನಾಶಮಾಡುವ ಪ್ರತಿರೋಧಕಗಳು ತೀವ್ರ ‘ಎ’ ರೋಗಿಗಳಲ್ಲಿ ನೂರಕ್ಕೆ ೨೫ರಿಂದ ೩೦ ಮಂದಿಯಲ್ಲಿ ಹುಟ್ಟುತ್ತವೆ. ಅಂಥ ಮಕ್ಕಳ ಮನೆಗಳಲ್ಲಿ ಶುಶ್ರೂಷೆ ಅತ್ಯಂತ ಕಠಿನವಾಗಿದ್ದಿತು. ಅವರಿಗೂ ಈ ಔಷಧ ಒದಗುತ್ತದೆ.

ಆದರೆ ಹೊರೆ ಇಳಿಯಿತೆಂದು ಹೇಳುವಾಗ ಎಚ್ಚರಿಕೆ ಬೇಕು. ಇದು ‘ಬಿ’ ಬಗೆಯವರಿಗೆ ಪ್ರಯೋಜನವಿಲ್ಲ. ದೊಡ್ಡ ಪೆಟ್ಟು ಬಿದ್ದಾಗ, ಶಸ್ತ್ರಚಿಕಿತ್ಸೆಯಾಗುವಾಗ, ನಡುವೆ ರಕ್ತಸ್ರಾವವಾದಾಗ ‘ಎ’ ಬಗೆಯವರಿಗೂ ಫ್ಯಾಕ್ಟರು ಬೇಕೇ ಬೇಕು. ಆಗ ಮತ್ತೆ ಅದೇ ನಾಳ, ಅದೇ ಸೂಜಿ. ವರ್ಷಕ್ಕೆ ೧೮೨ ಸಲ ಚುಚ್ಚುತ್ತಿದ್ದ ತಾಯಿಯ ಕೈ ಪಳಗಿತ್ತು, ವರ್ಷಕ್ಕೆ ಒಮ್ಮೆ ಮಾತ್ರ ಚುಚ್ಚಬೇಕಾದವಳ ಕೈ ನಡುಗುತ್ತದೆ. ಶರೀರಶ್ರಮ ಹೋಗಿ ಮನಸ್ಸಿನ ಕಾವಲು ಉಳಿಯುತ್ತದೆ ಎನ್ನಬೇಕು. ೨೦೨೪ ಮತ್ತು ೨೦೨೫ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಾನ್ಸಿಜುಮ್ಯಾಬ್, ಮಾರ್ಸ್ಟಾಸಿಮ್ಯಾಬ್, ಫಿಟುಸಿರಾನ್ ಎಂಬವು ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಶಕ್ತಿಗಳನ್ನೇ ತಗ್ಗಿಸಿ ತಕ್ಕಡಿಯನ್ನು ಸಮಮಾಡುವಂಥವು. ಅವು ‘ಬಿ’ ಬಗೆಗೂ ಒದಗುತ್ತವೆ. ಆದರೆ ಮೊದಲಿಗೆ ಅನುಮತಿ ಸಿಕ್ಕಿದ್ದು ೧೨ ವರ್ಷ ತುಂಬಿದವರಿಗೆ.

ಆಯ್ಕೆಯ ವಿಷಯದಲ್ಲಿ ಇನ್ನೊಂದು ಮಾತುಂಟು. ಅದನ್ನು ಹೇಳದೆ ಮುಂದೆ ಹೋಗಲಾಗದು. ೧೯೬೪ರಲ್ಲಿ ಅಮೆರಿಕದ ಜೂಡಿತ್ ಪೂಲ್ ಎಂಬ ವಿಜ್ಞಾನಿ, ಹೆಪ್ಪುಗಟ್ಟಿಸಿದ ರಕ್ತರಸವನ್ನು ಮೆಲ್ಲಗೆ ಕರಗಿಸಿದಾಗ ತಳದಲ್ಲಿ ಉಳಿಯುವ ಗಸಿಯಲ್ಲಿ ಎಂಟನೆಯ ಫ್ಯಾಕ್ಟರು ಸಾಂದ್ರವಾಗಿರುವುದನ್ನು ಕಂಡುಹಿಡಿದರು. ಬಳಿಕ ಸಾವಿರಾರು ಜನರ ರಕ್ತರಸವನ್ನು ಕೂಡಿಸಿ ಮಾಡಿದ ಪುಡಿಗಳು ಬಂದವು. ೧೯೭೦ರ ದಶಕದಲ್ಲಿ ತಂದೆತಾಯಿಗಳು ಅದನ್ನು ಮನೆಯಲ್ಲಿಯೇ ಚುಚ್ಚಲು ಕಲಿತರು. ಆಸ್ಪತ್ರೆಯ ಸೆರೆಯಿಂದ ಬಿಡುಗಡೆಯಾಯಿತೆಂದು ಹರ್ಷಿಸಿದರು. ಆ ಪುಡಿಗಳಲ್ಲಿ ಹೆಪಟೈಟಿಸ್ ವೈರಸ್‌ಗಳೂ ಮುಂದೆ ಎಚ್‌ಐವಿಯೂ ಇದ್ದವು. ಬ್ರಿಟನ್ನಿನಲ್ಲಿ ರಕ್ತಸ್ರಾವದ ರೋಗವುಳ್ಳ ಸುಮಾರು ೧,೨೫೦ ಮಂದಿಗೆ ಹೀಗೆ ಎಚ್‌ಐವಿ ತಗುಲಿತು. ಅವರಲ್ಲಿ ೩೮೦ ಮಕ್ಕಳು. ೨೦೨೪ರ ಮೇ ತಿಂಗಳಲ್ಲಿ ಪ್ರಕಟವಾದ ಅಲ್ಲಿನ ವಿಚಾರಣಾ ವರದಿಯು, ಅಪಾಯವನ್ನು ರೋಗಿಗಳಿಗೂ ಮನೆಯವರಿಗೂ ತಿಳಿಸದೆ ಚಿಕಿತ್ಸೆ ನಡೆಯಿತೆಂಬುದನ್ನು ಸ್ಪಷ್ಟಪಡಿಸಿತು. ತಮ್ಮ ಕೈಯಿಂದಲೇ ಮಕ್ಕಳಿಗೆ ಅದನ್ನು ಚುಚ್ಚಿದೆವೆಂಬ ವ್ಯಥೆಯನ್ನು ಹೊತ್ತು ಬಾಳಿದ ತಂದೆತಾಯಿಗಳಿದ್ದಾರೆ. ಅವರು ಆಯ್ಕೆ ಮಾಡಿರಲಿಲ್ಲ. ಆಯ್ಕೆಯನ್ನು ಬೇರೆಯವರು ಮಾಡಿ ಸೂಜಿಯನ್ನು ಮಾತ್ರ ಅವರ ಕೈಗೆ ಕೊಟ್ಟಿದ್ದರು. ಇಂದಿನ ಔಷಧಗಳು ವೈರಸ್‌ಗಳನ್ನು ನಾಶಮಾಡಿದಂಥವು, ಅಥವಾ ಮಾನವರಕ್ತದ ಆಸರೆಯಿಲ್ಲದೆ ಪ್ರಯೋಗಾಲಯದಲ್ಲಿ ತಯಾರಾದವು. ಆದರೂ ಯಾವ ಔಷಧವನ್ನು ಏಕೆ ಕೊಡುತ್ತಿದ್ದೇವೆ, ಅದರ ಕೇಡೇನು, ಬೇರೆ ಏನಿದೆ ಎಂಬುದನ್ನು ಚುಚ್ಚುವವರಿಗೆ ಅವರ ಭಾಷೆಯಲ್ಲಿ ಹೇಳಿ ಅವರ ಮಾತನ್ನು ಕೇಳಬೇಕೆಂದು ನಾವು ಒತ್ತಾಯಿಸುವುದಕ್ಕೆ ಇದು ಸಾಲದೆ?

ವಂಶವಾಹಿ ಚಿಕಿತ್ಸೆಯ ವಾರ್ತೆಗಳನ್ನು ವಿದ್ಯಾರ್ಥಿಗಳು ಪತ್ರಿಕೆಗಳಲ್ಲಿ ಓದಿರಬಹುದು. ೨೦೨೨ರಲ್ಲಿ ಐರೋಪ್ಯ ಒಕ್ಕೂಟವು ‘ಎ’ ಬಗೆಗೂ, ಅಮೆರಿಕವು ‘ಬಿ’ ಬಗೆಗೂ ಒಂದೊಂದು ಚಿಕಿತ್ಸೆಗೆ ಅನುಮತಿ ಕೊಟ್ಟವು. ಎರಡನೆಯದರ ಬೆಲೆ ೩೫ ಲಕ್ಷ ಡಾಲರ್. ನಮ್ಮ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ತಂಡವು ರೋಗಿಯ ಮೂಲಕೋಶಗಳಲ್ಲಿಯೇ ಸರಿಯಾದ ವಂಶವಾಹಿಯನ್ನು ಸೇರಿಸಿ ಹಿಂದಿರುಗಿಸುವ ಬೇರೆ ಮಾರ್ಗವನ್ನು ಹಿಡಿಯಿತು. ಹೀಗೆ ಚಿಕಿತ್ಸೆ ಪಡೆದ ಐವರಲ್ಲಿ ಅವಲೋಕನದ ಅವಧಿಯಲ್ಲಿ ರಕ್ತಸ್ರಾವವೇ ಆಗಲಿಲ್ಲವೆಂದು ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹೆಮ್ಮೆಪಡಬೇಕಾದ ಕೆಲಸ. ಆದರೆ ಇವೆಲ್ಲ ವಯಸ್ಕರಿಗೆ ಮಾಡಿದಂಥವು. ಎರಡು ವರ್ಷದ ಮಗುವಿನ ತೋಳನ್ನು ಹಿಡಿದು ಕುಳಿತ ತಾಯಿಗೆ ಇವುಗಳಿಂದ ಇಂದು ಬಿಡುವಿಲ್ಲ. ದೂರದ ಈ ದೀಪವನ್ನು ತೋರಿಸಿ ಹತ್ತಿರದ ಕರ್ತವ್ಯವನ್ನು ಮುಂದೂಡುವುದು ನ್ಯಾಯವಲ್ಲ.

ಶುಶ್ರೂಷಕರೆಂದು ಹೇಳುತ್ತ ನಾವು ತಾಯಿಯೆಂದೇ ಹೇಳುತ್ತಿರುವುದನ್ನು ವಾಚಕರು ಗಮನಿಸಿರಬಹುದು. ತಂದೆಯರಿಗೆ ಅನ್ಯಾಯ ಮಾಡುವ ಇಚ್ಛೆ ನಮಗಿಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹಾಗೆಯೇ. ಈ ರೋಗದಲ್ಲಿ ಅದಕ್ಕೊಂದು ಕ್ರೂರವಾದ ಕಾರಣವೂ ಸೇರಿಕೊಳ್ಳುತ್ತದೆ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಮಗನಿಗೆ ಅದು ಬರುವುದು ತಾಯಿಯಿಂದ. ಇಷ್ಟನ್ನು ಅರ್ಧಂಬರ್ಧ ತಿಳಿದ ಬಂಧುಗಳು ಅವಳನ್ನು ಅಪರಾಧಿಯಂತೆ ಕಾಣುವುದುಂಟು. ಯಾವ ವರ್ಣತಂತು ಮಗುವಿಗೆ ಹೋಗಬೇಕೆಂಬುದು ನಾಣ್ಯ ಚಿಮ್ಮಿದಂತೆ. ಯಾರೂ ಅದನ್ನು ಆರಿಸುವುದಿಲ್ಲ. ಸುಮಾರು ಮೂರನೆಯ ಒಂದು ಪಾಲು ಮನೆಗಳಲ್ಲಂತೂ ಹಿಂದೆ ಯಾರಿಗೂ ಈ ರೋಗವಿರುವುದಿಲ್ಲ; ಬದಲಾವಣೆ ಹೊಸದಾಗಿ ಹುಟ್ಟಿರುತ್ತದೆ. ವಾಹಕಿಯರಲ್ಲಿ ಕೆಲವರಿಗೆ ಫ್ಯಾಕ್ಟರಿನ ಮಟ್ಟ ಕಡಮೆಯಿದ್ದು ಹೆರಿಗೆಯಲ್ಲಿಯೂ ತಿಂಗಳ ದಿನಗಳಲ್ಲಿಯೂ ಅವರಿಗೇ ಹೆಚ್ಚು ರಕ್ತಸ್ರಾವವಾಗುತ್ತದೆ. ಮಗನ ರಕ್ತವನ್ನು ಹತ್ತು ಸಲ ಪರೀಕ್ಷಿಸಿದ ಆಸ್ಪತ್ರೆಯಲ್ಲಿ ತಾಯಿಯ ರಕ್ತವನ್ನು ಒಮ್ಮೆಯಾದರೂ ಪರೀಕ್ಷಿಸುವ ಪದ್ಧತಿ ಎಲ್ಲೆಡೆಯೂ ಇರಬೇಕು.

ನಮ್ಮ ಮಾತಿಗೆ ಒಂದು ಆಕ್ಷೇಪವನ್ನು ವೈದ್ಯಮಿತ್ರರು ತರಬಹುದು: ರೋಗಿ ಬಾಲಕನೇ ಹೊರತು ತಾಯಿಯಲ್ಲ, ದೇಹಕ್ಕೆ ಯಾವುದು ಉತ್ತಮವೋ ಅದನ್ನೇ ಆರಿಸಬೇಕು, ಅನುಕೂಲವನ್ನಲ್ಲ. ಇದು ಗೌರವಾರ್ಹವಾದ ಮಾತು. ಆದರೆ ಚಿಕಿತ್ಸೆ ಬಾಲಕನ ದೇಹವನ್ನು ತಲುಪುವುದು ತಾಯಿಯ ಕೈಯ ಮೂಲಕ. ದಿನ ಬಿಟ್ಟು ದಿನದ ಕ್ರಮದಲ್ಲಿ ಒಂದೇ ಒಂದು ಸೂಜಿ ತಪ್ಪಿತೆನ್ನಿ. ೬೮ನೆಯ ಗಂಟೆಯಿಂದ ೯೬ನೆಯ ಗಂಟೆಯವರೆಗೆ, ೨೮ ಗಂಟೆಗಳ ಕಾಲ ಬಾಲಕನು ೧ರ ಗೆರೆಯ ಕೆಳಗಿರುವನು. ತಾಯಿಗೆ ಜ್ವರ ಬರಬಹುದು, ಸುಗ್ಗಿಯ ಕೆಲಸ ಬರಬಹುದು, ಇನ್ನೊಂದು ಮಗು ಹುಟ್ಟಬಹುದು. ಉತ್ತಮವೆಂದು ಆರಿಸಿದ ಕ್ರಮವು ಆ ಮನೆಯಲ್ಲಿ ನಡೆಯಲಾರದ್ದಾದರೆ, ಎರಡನೆಯ ದರ್ಜೆಯದಾದರೂ ನಡೆಯಬಲ್ಲ ಕ್ರಮವೇ ಆ ಬಾಲಕನ ದೇಹಕ್ಕೆ ಉತ್ತಮ. ಅನುಕೂಲವೆಂದು ಹಗುರವಾಗಿ ಕರೆದುದು ಇಲ್ಲಿ ಔಷಧದ ಗುಣದಷ್ಟೇ ತೂಕದ್ದು.

೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹೀಮೋಫಿಲಿಯಾವನ್ನು ತನ್ನ ಪಟ್ಟಿಯಲ್ಲಿ ಸೇರಿಸಿತು. ಆರೈಕೆ ಮಾಡುವವರೆಂದರೆ ಯಾರೆಂದು ಅದೇ ಅಧಿನಿಯಮ ಹೇಳುತ್ತದೆ. ಹಣ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿಗಳೂ ಮನೆಯ ಇತರರೂ ಅದರಲ್ಲಿ ಬರುತ್ತಾರೆ. ಆರೈಕೆಯ ಭತ್ಯವನ್ನೂ ಅದು ಹೆಸರಿಸುತ್ತದೆ. ಆದರೆ ಹೆಚ್ಚಿನ ಆಸರೆ ಬೇಕಾದವರ ಸಂದರ್ಭಕ್ಕೆಂದು. ನೋಡಲು ಎಲ್ಲರಂತೆ ಓಡಾಡುವ ಕುಸುಮರೋಗದ ಬಾಲಕನು ಈ ಮಾತಿನೊಳಗೆ ಸುಲಭವಾಗಿ ಸೇರುವುದಿಲ್ಲ. ಅವನು ಓಡಾಡುತ್ತಿರುವುದೇ ಹಿಂದಿನ ಸಂಜೆ ಯಾರೋ ಅವನ ತೋಳಿಗೆ ಸೂಜಿ ಹಾಕಿದ್ದರಿಂದ ಎಂಬುದನ್ನು ಅಧಿಕಾರಿಗಳು ಗಣನೆಗೆ ತರಬೇಕು. ದಾವಣಗೆರೆಯಲ್ಲಿ, ಸ್ವತಃ ಈ ರೋಗವುಳ್ಳ ವೈದ್ಯರಾದ ಡಾ. ಸುರೇಶ ಹನಗವಾಡಿಯವರು ಕಟ್ಟಿ ಬೆಳೆಸಿದ ಕರ್ನಾಟಕ ಹೀಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ಇರುವುದರಿಂದ, ಶುಶ್ರೂಷಕರ ಅನುಭವವನ್ನು ಕೇಳಲು ಸರ್ಕಾರವು ದೂರ ಹೋಗಬೇಕಾದುದೂ ಇಲ್ಲ.

ಹುಡುಗನು ಹತ್ತು ಹನ್ನೆರಡು ವರ್ಷದವನಾದಾಗ ತನ್ನ ಸೂಜಿಯನ್ನು ತಾನೇ ಹಾಕಿಕೊಳ್ಳಲು ಕಲಿಯಬಲ್ಲನು. ಅಲ್ಲಿಯವರೆಗೆ, ಕೆಲವೊಮ್ಮೆ ಅದರ ಆಚೆಗೂ, ಶಾಲೆಯ ಹೊರಗಿನ ಕಟ್ಟೆಯಲ್ಲಿ ಮಧ್ಯಾಹ್ನದವರೆಗೆ ಕಾದು ಕುಳಿತುಕೊಳ್ಳುವ ತಾಯಂದಿರುಂಟು. ಒಳಗಿರುವವರಿಗೆ ಏನು ಮಾಡಬೇಕೆಂದು ತಿಳಿದಿಲ್ಲವೆಂಬ ಭಯವೇ ಅವರನ್ನು ಅಲ್ಲಿ ಕೂರಿಸಿರುವುದು. ತಿಳಿಯಬೇಕಾದುದು ಬಹಳವೇನೂ ಇಲ್ಲ. ಸಹಪಾಠಿಯ ಕೀಲು ನೋಯತೊಡಗಿದರೆ ಅವನು ಹೇಳುವುದನ್ನು ನಂಬಬೇಕು. ಊತ ಕಾಣುವವರೆಗೆ ಕಾಯಬಾರದು. ನಡೆಸದೆ ಕುಳ್ಳಿರಿಸಿ, ಆ ಅಂಗವನ್ನು ಅಲುಗಿಸದೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಟ್ಟು, ಮನೆಗೆ ತಕ್ಷಣ ತಿಳಿಸಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಅವನು ಚೆನ್ನಾಗಿದ್ದೇನೆಂದರೂ ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ನೋವಿಗೆಂದು ಆಸ್ಪಿರಿನ್ ಗುಳಿಗೆಯನ್ನು ಮಾತ್ರ ಕೊಡಕೂಡದು. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ.